ಡೇರೆಯಲ್ಲಿ ಹುಟ್ಟಿದ ಉದ್ಯಾನ

ಬೇಸಿಗೆ ಹತ್ತಿರ ಬಂತೆಂದರೆ ನಮ್ಮ ಬಳಗದ ಮನೆಗಳಲ್ಲೆಲ್ಲ ಒಂದೇ ಪ್ರಶ್ನೆ: "ಈ ಸಲ ಎಲ್ಲಿಗೆ?" ಊರಿನಿಂದ ಬಂದ ಹಿರಿಯರಿಗೆ ನಯಾಗರಾ ತೋರಿಸಿ ಆಗಿರುತ್ತದೆ, ವಾಷಿಂಗ್‌ಟನ್ನೂ ಆಗಿರುತ್ತದೆ. ಆಗ ಯಾರಾದರೊಬ್ಬರು ಮೇನ್ ರಾಜ್ಯದ ಅಕೇಡಿಯ ರಾಷ್ಟ್ರೀಯ ಉದ್ಯಾನದ ಹೆಸರೆತ್ತುತ್ತಾರೆ. ಬಾಸ್ಟನ್ನಿನಿಂದ ಸುಮಾರು 280 ಮೈಲಿ, ಕಾರಿನಲ್ಲಿ ಐದು ಗಂಟೆಯ ಹಾದಿ. ಹೋಗಿ ಬಂದವರು ಬಂಡೆಗಳ ಮೇಲೆ ಒಡೆಯುವ ಅಲೆಗಳ ಚಿತ್ರ ತೋರಿಸುತ್ತಾರೆ, ಚಳಿಯ ವಿಷಯ ಹೇಳುತ್ತಾರೆ. ಆದರೆ ಆ ಉದ್ಯಾನ ಹೇಗೆ ಆಯಿತು ಎಂಬ ಕಥೆ ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ. ಕಳೆದ ಆಗಸ್ಟಿನಲ್ಲಿ ನಾವು ಮನೆಮಂದಿಯೆಲ್ಲ ಅಲ್ಲಿ ನಾಲ್ಕು ರಾತ್ರಿ ಡೇರೆ ಹಾಕಿದ್ದೆವು. ಆ ನೆಪದಲ್ಲಿ ಓದಿ ತಿಳಿದುಕೊಂಡದ್ದನ್ನು ಬಳಗದ ಬಂಧುಗಳೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ. ದಾರಿಯ ವಿವರ, ಊಟ ವಸತಿಯ ವಿವರ ಬೇಕಾದವರು ನಮಗೆ ದೂರವಾಣಿ ಮಾಡಬಹುದು. ಇಲ್ಲಿ ಹೇಳುವುದು ಚರಿತ್ರೆಯನ್ನು.

ಅಕೇಡಿಯದ ಬಹುಭಾಗ ಇರುವುದು ಮೌಂಟ್ ಡೆಸರ್ಟ್ ಎಂಬ ದ್ವೀಪದಲ್ಲಿ. ಹೆಸರು ಕೇಳಿ ಮರುಭೂಮಿಯೆಂದು ತಿಳಿಯಬಾರದು. 1604ರ ಸೆಪ್ಟೆಂಬರ್ ತಿಂಗಳಲ್ಲಿ ಫ್ರೆಂಚ್ ನಾವಿಕ ಸಾಮ್ಯುಯೆಲ್ ಶಾಂಪ್ಲೇನ್ ಈ ಕರಾವಳಿಗುಂಟ ಬಂದಾಗ, ಬೆಟ್ಟಗಳ ನೆತ್ತಿಯ ಮೇಲೆ ಮರಗಳಿಲ್ಲದ್ದನ್ನು ಕಂಡು 'ಬೋಳು ಬೆಟ್ಟಗಳ ದ್ವೀಪ' ಎಂಬ ಅರ್ಥದ ಹೆಸರಿಟ್ಟ. ಅದೇ ಇಂಗ್ಲಿಷರ ನಾಲಗೆಯಲ್ಲಿ ಡೆಸರ್ಟ್ ಆಯಿತು. ಆದರೆ ಅವನು ಬರುವ ಸಾವಿರಾರು ವರ್ಷ ಮೊದಲೇ ಈ ನೆಲದಲ್ಲಿ ಜನರಿದ್ದರು. ಅವರು ವಬನಾಕಿಗಳು, ಎಂದರೆ ಬೆಳಗಿನ ನಾಡಿನ ಜನ. ಈ ದ್ವೀಪಕ್ಕೆ ಅವರಿಟ್ಟ ಹೆಸರು ಪೆಮೆಟಿಕ್, ಬೆಟ್ಟಸಾಲು. ಅವರು ತಿಂದು ಬಿಟ್ಟ ಚಿಪ್ಪುಗಳ ರಾಶಿಗಳು ಕಡಲಂಚಿನಲ್ಲಿ ಇಂದಿಗೂ ಸಿಗುತ್ತವೆ. ಶಾಂಪ್ಲೇನನ ದೋಣಿಗೆ ದಾರಿ ತೋರಿಸಿದವರೂ ಇಬ್ಬರು ಮೂಲನಿವಾಸಿಗಳೇ.

ಮುಂದಿನ ನೂರೈವತ್ತು ವರ್ಷ ಈ ದ್ವೀಪ ಫ್ರೆಂಚರ ಮತ್ತು ಇಂಗ್ಲಿಷರ ನಡುವಿನ ಜಗಳದ ಗಡಿಯಾಗಿತ್ತು. 1613ರಲ್ಲಿ ಜೆಸ್ಯೂಟ್ ಪಾದ್ರಿಗಳು ಇಲ್ಲಿ ಒಂದು ನೆಲೆ ಮಾಡಿಕೊಂಡರು. ಅದೇ ವರ್ಷ ವರ್ಜೀನಿಯದಿಂದ ಬಂದ ಇಂಗ್ಲಿಷ್ ಕ್ಯಾಪ್ಟನ್ ಆರ್ಗಲ್ ಅದನ್ನು ನಾಶ ಮಾಡಿದ. 1688ರಲ್ಲಿ ಕ್ಯಾಡಿಲಾಕ್ ಎಂಬ ಫ್ರೆಂಚ್ ಸಾಹಸಿಗ ಇಡೀ ದ್ವೀಪವನ್ನೇ ಉಂಬಳಿಯಾಗಿ ಪಡೆದ. ಸ್ವಲ್ಪ ದಿನವಿದ್ದು ಹೊರಟುಹೋದ ಇವನೇ 1701ರಲ್ಲಿ ಡೆಟ್ರಾಯಿಟ್ ನಗರವನ್ನು ಸ್ಥಾಪಿಸಿದವನು. ದೊಡ್ಡ ಕಾರಿಗೂ, 1,530 ಅಡಿ ಎತ್ತರದ ಇಲ್ಲಿಯ ಹಿರಿಯ ಬೆಟ್ಟಕ್ಕೂ ಒಂದೇ ಹೆಸರು ಬಂದದ್ದು ಹೀಗೆ. ಫ್ರೆಂಚರು ಸೋತ ಮೇಲೆ, 1760ರ ದಶಕದಲ್ಲಿ, ಇಂಗ್ಲಿಷ್ ಮಾತಾಡುವ ಕುಟುಂಬಗಳು ಬಂದು ನೆಲೆಸಿದವು. ಮೀನು ಹಿಡಿದು, ಮರ ಕಡಿದು, ಹಡಗು ಕಟ್ಟಿ ಬದುಕಿದ ಬಡವರು ಅವರು.

1844ರಲ್ಲಿ ಥಾಮಸ್ ಕೋಲ್ ಎಂಬ ಚಿತ್ರಕಾರ ಇಲ್ಲಿಗೆ ಬಂದ. ಅವನ ಶಿಷ್ಯ ಫ್ರೆಡರಿಕ್ ಚರ್ಚ್ ಅನಂತರ ಬಂದ. ಇವರ ಚಿತ್ರಗಳನ್ನು ಪಟ್ಟಣಗಳಲ್ಲಿ ನೋಡಿದವರಿಗೆ ಆ ಜಾಗವನ್ನು ಕಣ್ಣಾರೆ ಕಾಣುವ ಆಸೆಯಾಯಿತು. ಮೊದಲು ಬಂದವರು ಬೆಸ್ತರ ಮನೆಗಳಲ್ಲಿಯೇ ಬಾಡಿಗೆಗಿದ್ದು ಬೆಟ್ಟ ಹತ್ತಿ ಇಳಿದು ಹೋದರು. ಅವರ ಹಿಂದೆ ಹೋಟೆಲುಗಳು ಬಂದವು. 1883ರಲ್ಲಿ ಈಗಿನ ಕ್ಯಾಡಿಲಾಕ್ ಬೆಟ್ಟದ ನೆತ್ತಿಗೆ ಹಲ್ಲುಹಳಿಯ ಪುಟ್ಟ ರೈಲೂ ಬಂತು, ಹೆಚ್ಚು ವರ್ಷ ಬಾಳಲಿಲ್ಲ. ಕಡೆಗೆ ಬಂದವರು ಕೋಟ್ಯಧೀಶರು. ಅರಮನೆಯಂಥ ಮನೆಗಳನ್ನು ಕಟ್ಟಿಸಿ ಅವನ್ನು 'ಕಾಟೇಜ್' ಎಂದು ಕರೆದರು. ಬಾರ್ ಹಾರ್ಬರ್ ಪಟ್ಟಣಕ್ಕೆ ಆಗಿದ್ದ ಹೆಸರು ಈಡನ್. ಈಡನ್ನಿನ ಕಡಲ ಅಂಚೆಲ್ಲ ಒಬ್ಬೊಬ್ಬರ ಹಿತ್ತಲಾಗತೊಡಗಿತು.

ಇಲ್ಲಿಂದ ನಮ್ಮ ಕಥೆ ಡೇರೆಗೆ ಬರುತ್ತದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿ 1869ರಿಂದ ನಲವತ್ತು ವರ್ಷ ಕೆಲಸ ಮಾಡಿದ ಚಾರ್ಲ್ಸ್ ವಿಲಿಯಂ ಎಲಿಯಟ್ ಅವರ ಹೆಸರನ್ನು ಓದುಗರು ಕೇಳಿರಬಹುದು. ಅದಕ್ಕೆ ಮೊದಲು ಅವರು ಎಂ.ಐ.ಟಿ.ಯಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು, ಮತ್ತು ವಿದ್ಯಾರ್ಥಿ ಕೈಯಾರೆ ಪ್ರಯೋಗ ಮಾಡಿಯೇ ಕಲಿಯಬೇಕು ಎಂಬ ತತ್ವದ ಪಠ್ಯಪುಸ್ತಕವನ್ನು 1867ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಬರೆದವರು ಎಂಬುದು ಅಷ್ಟಾಗಿ ತಿಳಿದಿಲ್ಲ. ಅದೇ ಕಸುಬಿನಲ್ಲಿ ಅನ್ನ ತಿನ್ನುವ ನಮಗೆ ಇದರಿಂದ ಸ್ವಲ್ಪ ಹೆಮ್ಮೆಯಾಯಿತೆಂದು ಹೇಳಿದರೆ ತಪ್ಪಿಲ್ಲ. 1869ರಲ್ಲಿ ಎಲಿಯಟ್ಟರ ಪತ್ನಿ ತೀರಿಕೊಂಡರು. ಇಬ್ಬರು ಗಂಡುಮಕ್ಕಳು. 1870ರ ದಶಕದ ಬೇಸಿಗೆಗಳಲ್ಲಿ ಅವರು ಮಕ್ಕಳನ್ನು ದೋಣಿಯಲ್ಲಿ ಕರೆತಂದು, ಮೌಂಟ್ ಡೆಸರ್ಟಿನ ಎದುರಿಗಿರುವ ಒಂದು ಚಿಕ್ಕ ದ್ವೀಪದಲ್ಲಿ ಡೇರೆ ಹಾಕಿ ಇರುತ್ತಿದ್ದರು.

ಆ ಮಕ್ಕಳಲ್ಲಿ ಹಿರಿಯವನ ಹೆಸರೂ ಚಾರ್ಲ್ಸ್. ಕಾಲೇಜಿಗೆ ಸೇರಿದ ಮೇಲೆ, 1880ರ ಬೇಸಿಗೆಯಲ್ಲಿ, ಅವನು ಸಹಪಾಠಿಗಳ ಒಂದು ತಂಡ ಕಟ್ಟಿಕೊಂಡು ತಂದೆಯ ದೋಣಿಯಲ್ಲಿಯೇ ಮೌಂಟ್ ಡೆಸರ್ಟಿಗೆ ಬಂದ. ತಂಡಕ್ಕೆ 'ಶಾಂಪ್ಲೇನ್ ಸೊಸೈಟಿ' ಎಂದು ಹೆಸರು, ಬಿಡಾರಕ್ಕೆ 'ಪೆಮೆಟಿಕ್' ಎಂದು ಹೆಸರು. ಹಗಲೆಲ್ಲ ಒಬ್ಬ ಕಲ್ಲು ನೋಡುವುದು, ಒಬ್ಬ ಗಿಡ ಗುರುತಿಸುವುದು, ಒಬ್ಬ ಹಕ್ಕಿ ಎಣಿಸುವುದು, ರಾತ್ರಿ ದಿನಚರಿ ಬರೆಯುವುದು. ಇದು ಹಲವು ಬೇಸಿಗೆ ನಡೆಯಿತು. ಹುಡುಗಾಟವೆನ್ನುವಂತಿಲ್ಲ. ಈ ತಂಡದ ಎಡ್ವರ್ಡ್ ರ‍್ಯಾಂಡ್ ಇನ್ನೊಬ್ಬ ಸಸ್ಯಶಾಸ್ತ್ರಜ್ಞರ ಜೊತೆಗೂಡಿ 1894ರಲ್ಲಿ ದ್ವೀಪದ ಸಸ್ಯಗಳ ಮೇಲೆ ಪ್ರಕಟಿಸಿದ ಗ್ರಂಥದ ಬೇರು ಈ ಡೇರೆಗಳಲ್ಲಿಯೇ ಇದೆ. ಈ ಚೆಲುವೆಲ್ಲ ಖಾಸಗಿ ಬೇಲಿಗಳ ಹಿಂದೆ ಸೇರಿಹೋದರೆ ಮುಂದಿನವರ ಗತಿಯೇನು ಎಂಬ ಮಾತೂ ಅವರಲ್ಲಿ ಆಗಲೇ ಬಂದಿತ್ತು.

ಕಿರಿಯ ಎಲಿಯಟ್ ಮುಂದೆ ಉದ್ಯಾನಗಳ ವಿನ್ಯಾಸಗಾರನಾದ. ಸುಂದರವಾದ ಜಾಗಗಳನ್ನು ಸಾರ್ವಜನಿಕರ ಪರವಾಗಿ ಕೊಂಡು ಕಾಯುವ ಒಂದು ಧರ್ಮದರ್ಶಿ ಮಂಡಲಿ ಬೇಕೆಂದು ವಾದಿಸಿ, 1891ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಅದನ್ನು ಕಾನೂನಿನ ಮೂಲಕ ಸ್ಥಾಪಿಸಿಯೂ ಬಿಟ್ಟ. ಮೇನ್ ಕರಾವಳಿಗೂ ಇಂಥದೇ ಬೇಕೆಂಬುದು ಅವನ ಆಸೆಯಾಗಿತ್ತು. ಆದರೆ 1897ರಲ್ಲಿ, ಮೂವತ್ತೇಳನೆಯ ವಯಸ್ಸಿನಲ್ಲಿಯೇ, ಕಾಯಿಲೆಯಿಂದ ತೀರಿಕೊಂಡ. ತಂದೆ ಮಗನ ಕಾಗದಪತ್ರಗಳನ್ನು ಒಂದೊಂದಾಗಿ ಓದಿ ಅವನ ಜೀವನಚರಿತ್ರೆಯನ್ನು ಬರೆಯಲು ಕುಳಿತರು. ಮಗ ಏನು ಮಾಡಬೇಕೆಂದಿದ್ದ ಎಂಬುದು ಆ ಕಾಗದಗಳಲ್ಲಿ ಅವರಿಗೆ ಸಿಕ್ಕಿತು. 1901ರಲ್ಲಿ, ಅರವತ್ತೇಳನೆಯ ವಯಸ್ಸಿನಲ್ಲಿ, ದ್ವೀಪದ ಕೆಲವು ನೆರೆಹೊರೆಯವರನ್ನು ಕರೆದು ಮಗನ ಮಾದರಿಯಲ್ಲಿಯೇ ಮಂಡಲಿಯೊಂದನ್ನು ಕಟ್ಟಿದರು. ಸಾಮಾನ್ಯವಾಗಿ ತಂದೆ ಬಿಟ್ಟ ಕೆಲಸವನ್ನು ಮಗ ಮುಗಿಸುತ್ತಾನೆ. ಇಲ್ಲಿ ಮಗ ಬಿಟ್ಟುಹೋದದ್ದನ್ನು ತಂದೆ ಮುಗಿಸಬೇಕಾಯಿತು.

ನಮ್ಮ ಸ್ವಂತ ಡೇರೆಯ ಮಾತನ್ನೂ ಇಲ್ಲಿ ಸ್ವಲ್ಪ ಹೇಳಬೇಕು. ನಾವಿದ್ದದ್ದು ಬ್ಲ್ಯಾಕ್‌ವುಡ್ಸ್ ಎಂಬ ಬಿಡಾರದ ಜಾಗದಲ್ಲಿ. ಎತ್ತರದ ಸ್ಪ್ರೂಸ್ ಮರಗಳ ನಡುವೆ ಡೇರೆ, ಹತ್ತು ನಿಮಿಷ ನಡೆದರೆ ಸಮುದ್ರ. ನಾವು ದಂಪತಿಗಳು, ಹನ್ನೊಂದು ಮತ್ತು ಏಳು ವರ್ಷದ ಮಕ್ಕಳಿಬ್ಬರು, ಊರಿನಿಂದ ಬಂದಿದ್ದ ನಮ್ಮ ತಾಯಿಯವರು. ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಪಕ್ಕದ ಡೇರೆಯೂ ಕಾಣುತ್ತಿರಲಿಲ್ಲ. ಗ್ಯಾಸ್ ಒಲೆಯ ಮೇಲೆ ಡಿಕಾಕ್ಷನ್ ಇಳಿಸಿ, ಒಗ್ಗರಣೆ ಅವಲಕ್ಕಿ ಮಾಡಿಕೊಂಡೆವು. ಸಮುದ್ರದ ನೀರು ಆಗಸ್ಟಿನಲ್ಲೂ ಕಾಲಿಟ್ಟರೆ ಮೂಳೆ ನೋಯುವಷ್ಟು ತಣ್ಣಗೆ. ಸ್ಯಾಂಡ್ ಬೀಚಿನ ಮರಳಿನಲ್ಲಿ ಬಹುಪಾಲು ಕಡಲಜೀವಿಗಳ ಚಿಪ್ಪಿನ ಪುಡಿ, ಎಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಹುಳಿ ಬಿದ್ದರೆ ನೊರೆಯೇಳುತ್ತದೆಂದು ಹೇಳಿದ್ದೇ ತಡ, ದೊಡ್ಡವನು ಒಂದು ಹಿಡಿ ತುಂಬಿಕೊಳ್ಳಲು ಡಬ್ಬಿ ತಂದ. ಉದ್ಯಾನದಿಂದ ಒಂದು ಕಲ್ಲನ್ನೂ ಒಂದು ಚಿಪ್ಪನ್ನೂ ಒಯ್ಯುವಂತಿಲ್ಲ ಎಂಬ ನಿಯಮವನ್ನು ಓದಿ ಹೇಳಿದ ಮೇಲೆ ಡಬ್ಬಿ ಒಳಗೆ ಹೋಯಿತು.

ಆ ಸಂಜೆ ನಮ್ಮ ತಾಯಿಯವರು, "ಇಷ್ಟು ದೊಡ್ಡ ಕಾಡು ಯಾರದೋ?" ಎಂದು ಕೇಳಿದರು. "ಸರ್ಕಾರದ್ದಮ್ಮ" ಎಂದೆವು. "ಅದು ಸರಿ, ಸರ್ಕಾರಕ್ಕೆ ಯಾರು ಕೊಟ್ಟರು?" ಎಂದರು. ಪಶ್ಚಿಮದ ಯಾವ ಉದ್ಯಾನದಲ್ಲಾದರೂ ಈ ಪ್ರಶ್ನೆಗೆ ಉತ್ತರ ಬೇರೆ. 1872ರಲ್ಲಿ ಯೆಲ್ಲೋಸ್ಟೋನ್ ಆದಾಗ ಆ ನೆಲ ಸರ್ಕಾರದ ಹೆಸರಿನಲ್ಲಿಯೇ ಇತ್ತು, ಒಂದು ಕಾನೂನು ಮಾಡಿದರೆ ಸಾಕಾಯಿತು. ಪೂರ್ವ ತೀರದಲ್ಲಿ ಹಾಗಿರಲಿಲ್ಲ. ಎಲ್ಲವೂ ಯಾರಾದರೊಬ್ಬರ ಪಟ್ಟಾ ಜಮೀನು. ಅಕೇಡಿಯದ ಮೂಲ ನೆಲ ಜನರು ದತ್ತಿ ಕೊಟ್ಟದ್ದು. ನಮ್ಮ ತಾಯಿಯವರು ಶಿಕಾರಿಪುರ ತಾಲ್ಲೂಕಿನವರು. ಬಳ್ಳಿಗಾವಿಯ ಶಾಸನದ ಕಲ್ಲುಗಳನ್ನು ಹುಡುಗಿಯಾಗಿದ್ದಾಗಿನಿಂದ ನೋಡಿದವರು. ಮೇಲೆ ಸೂರ್ಯ ಚಂದ್ರರು, ಕೆಳಗೆ ಕೊಟ್ಟವರ ಹೆಸರು, ನಾಲ್ಕು ದಿಕ್ಕಿನ ಎಲ್ಲೆ, ಕೊನೆಯಲ್ಲಿ ಕೊಟ್ಟ ಭೂಮಿಯನ್ನು ಕಿತ್ತುಕೊಂಡವನಿಗೆ ಶಾಪ. "ಹಾಗಾದರೆ ಇಲ್ಲಿ ಕಲ್ಲು ಎಲ್ಲಿದೆ?" ಎಂದರು. ಅವರಿಗೆ ಹೇಳಿದ ಉತ್ತರವೇ ಲೇಖನದ ಮುಂದಿನ ಭಾಗ.

ಎಲಿಯಟ್ಟರ ಮಂಡಲಿಯಲ್ಲಿ ದುಡಿದವರು ಜಾರ್ಜ್ ಡಾರ್ ಎಂಬುವರು. ಬಾಸ್ಟನ್ನಿನ ಶ್ರೀಮಂತರ ಮಗ, ಜವಳಿ ವ್ಯಾಪಾರದ ಪಿತ್ರಾರ್ಜಿತ ಆಸ್ತಿ, ಮದುವೆಯಾಗಲಿಲ್ಲ. ಮೊದಲ ಕೆಲವು ವರ್ಷ ಮಂಡಲಿಗೆ ಹೇಳಿಕೊಳ್ಳುವಂಥ ಜಮೀನು ಬರಲಿಲ್ಲ. 1908ರಲ್ಲಿ ಬಾಸ್ಟನ್ನಿನ ಎಲೈಜ಼ಾ ಹೋಮನ್ಸ್ ಎಂಬ ಮಹಿಳೆ ಒಂದು ಕೊಳವನ್ನೂ ಅದರ ಪಕ್ಕದ ಕಡಿದಾದ ಬೆಟ್ಟವನ್ನೂ ಕೊಟ್ಟರು. ಅಲ್ಲಿಂದ ಡಾರ್ ಹಿಂದೆ ನೋಡಲಿಲ್ಲ. ಪೆಟ್ರೋಲಿನಿಂದ ನಡೆಯುವ, ಎಲ್ಲಿಗೆ ಬೇಕಾದರೂ ಸಾಗಿಸಬಹುದಾದ ಗರಗಸದ ಯಂತ್ರ ಆಗ ಬಂದಿತ್ತು. ಬೆಟ್ಟದ ಮೇಲಿನ ಕಾಡೂ ಇನ್ನು ಉಳಿಯದೆಂದು ಅವರಿಗೆ ಮನವರಿಕೆಯಾಯಿತು. ಒಬ್ಬರಿಂದ ಬೇಡಿ, ಇನ್ನೊಬ್ಬರಿಂದ ಕೊಂಡು, ಸಾಲದ್ದಕ್ಕೆ ಸ್ವಂತ ಹಣ ಹಾಕಿ ಜಮೀನು ಕೂಡಿಸಿದರು.

1913ರಲ್ಲಿ ಒಂದು ಸಂಕಟ ಬಂತು. ಮಂಡಲಿಯ ಜಮೀನಿಗೆ ತೆರಿಗೆಯಿಲ್ಲವೆಂಬುದು ಸ್ಥಳೀಯರಲ್ಲಿ ಕೆಲವರಿಗೆ ಸರಿಬರಲಿಲ್ಲ. ಮಂಡಲಿಯ ಸನದನ್ನೇ ರದ್ದು ಮಾಡುವ ಮಸೂದೆ ರಾಜ್ಯದ ಶಾಸನಸಭೆಗೆ ಬಂತು. ಅವರ ದೂರಿನಲ್ಲಿ ಅರ್ಥವಿಲ್ಲದಿಲ್ಲ. ಊರಿನ ಶಾಲೆಗೂ ರಸ್ತೆಗೂ ತೆರಿಗೆಯೇ ಆಧಾರ. ಬೇಸಿಗೆಗೆ ಬಂದು ಹೋಗುವ ಶ್ರೀಮಂತರು ತಮ್ಮ ನೋಟ ಕೆಡದಿರಲೆಂದು ಬೆಟ್ಟಗಳನ್ನು ತೆರಿಗೆಯಿಂದ ತಪ್ಪಿಸಿದರೆ ಅದರ ಭಾರ ಬೀಳುವುದು ಬೆಸ್ತರ ಮೇಲೆ. ಡಾರ್ ರಾಜಧಾನಿಗೆ ಓಡಿ ಆ ಮಸೂದೆಯನ್ನು ತಡೆದರು. ಆದರೆ ಒಂದು ಶಾಸನಸಭೆ ಕೊಟ್ಟದ್ದನ್ನು ಇನ್ನೊಂದು ಶಾಸನಸಭೆ ಕಿತ್ತುಕೊಳ್ಳಬಹುದು ಎಂದು ಅವರಿಗೆ ತಿಳಿದುಹೋಯಿತು. ಶಾಪ ಕೆತ್ತಿದ ಕಲ್ಲು ಈ ದೇಶದಲ್ಲಿ ನಡೆಯುವುದಿಲ್ಲ. ಆದ್ದರಿಂದ ಇಡೀ ರಾಷ್ಟ್ರದ ಕೈಗೇ ಒಪ್ಪಿಸಿಬಿಡುವುದು ಮೇಲೆಂದು ನಿಶ್ಚಯಿಸಿದರು. ಉಚಿತವಾಗಿ ಕೊಡುವುದೂ ಸುಲಭವಾಗಿರಲಿಲ್ಲ. ಹಕ್ಕುಪತ್ರಗಳನ್ನು ಒಂದೊಂದಾಗಿ ಸರಿಪಡಿಸಲು ವರ್ಷಗಳೇ ಹಿಡಿದವು.

1916ರ ಜುಲೈ 8ರಂದು ಅಧ್ಯಕ್ಷ ವಿಲ್ಸನ್ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. 1919ರ ಫೆಬ್ರವರಿ 26ರಂದು ಲಫಾಯೆಟ್ ರಾಷ್ಟ್ರೀಯ ಉದ್ಯಾನವಾಯಿತು. ಈಗಿರುವ ರಾಷ್ಟ್ರೀಯ ಉದ್ಯಾನಗಳಲ್ಲಿ ಮಿಸಿಸಿಪಿ ನದಿಯ ಪೂರ್ವಕ್ಕೆ ಇದೇ ಮೊದಲನೆಯದು. ಗ್ರ್ಯಾಂಡ್ ಕ್ಯಾನ್ಯನ್ ಕೂಡ ಅದೇ ದಿನ ಉದ್ಯಾನವಾದದ್ದು ಸ್ವಾರಸ್ಯ. 1929ರಲ್ಲಿ ಎದುರಿನ ಸ್ಕೂಡಿಕ್ ಪರ್ಯಾಯದ್ವೀಪದ ಜಮೀನು ಸೇರಿದಾಗ ಅಕೇಡಿಯ ಎಂಬ ಈಗಿನ ಹೆಸರು ಬಂತು. ಡಾರ್ ಮೊದಲ ಮೇಲ್ವಿಚಾರಕರಾದರು. ಎಲಿಯಟ್ 1926ರಲ್ಲಿ, ತೊಂಬತ್ತೆರಡನೆಯ ವಯಸ್ಸಿನಲ್ಲಿ, ಇದೇ ದ್ವೀಪದಲ್ಲಿ ತೀರಿಕೊಂಡರು. ಡಾರ್ ತಮ್ಮ ಆಸ್ತಿಯ ಬಹುಪಾಲನ್ನು ಈ ನೆಲಕ್ಕೇ ಸುರಿದು, ಕಣ್ಣು ಮಂಜಾದ ಮೇಲೂ ಇಲ್ಲಿಯೇ ಇದ್ದು, 1944ರಲ್ಲಿ ನಿಧನರಾದರು.

ಇನ್ನೊಬ್ಬ ದಾನಿ ಕಿರಿಯ ಜಾನ್ ಡಿ. ರಾಕಫೆಲರ್. ಕಲ್ಲೆಣ್ಣೆಯ ಸಾಮ್ರಾಜ್ಯದ ವಾರಸುದಾರ ಮೋಟಾರು ಬರದ ರಸ್ತೆಗಳನ್ನು ಕಟ್ಟಿಸಿದ್ದು ಇಲ್ಲಿಯ ವಿಚಿತ್ರ. ದ್ವೀಪಕ್ಕೆ ಮೋಟಾರು ಕಾರು ಬರಬಾರದೆಂಬ ನಿಷೇಧ 1910ರ ದಶಕದಲ್ಲಿ ಸಡಿಲವಾದಾಗ, ಅವರು ಕುದುರೆ ಗಾಡಿಗೆಂದೇ ಜಲ್ಲಿಕಲ್ಲಿನ ರಸ್ತೆಗಳನ್ನು ಮಾಡಿಸತೊಡಗಿದರು. 1913ರಿಂದ 1940ರವರೆಗೆ ಕೆಲಸ ನಡೆಯಿತು. ಉದ್ಯಾನದೊಳಗೆ ಈಗ ಅಂಥ 45 ಮೈಲಿ ರಸ್ತೆಯಿದೆ. ಸೇತುವೆಗಳೆಲ್ಲ ಸ್ಥಳೀಯ ಕಲ್ಲಿನವು, ಒಂದರಂತೆ ಒಂದಿಲ್ಲ. ರಸ್ತೆಯಂಚಿನಲ್ಲಿ ಸಾಲಾಗಿ ನಿಲ್ಲಿಸಿದ ದಪ್ಪ ಕಲ್ಲುಗಳಿಗೆ ಜನರು 'ರಾಕಫೆಲರನ ಹಲ್ಲು' ಎನ್ನುತ್ತಾರೆ. ರಸ್ತೆಯಲ್ಲದೆ ಸುಮಾರು 11,000 ಎಕರೆ ನೆಲವನ್ನೂ ಅವರು ಕೊಟ್ಟರು. ಇಂದು ಈ ರಸ್ತೆಗಳಲ್ಲಿ ಸೈಕಲ್ ಹೊಡೆಯುವ ಮಕ್ಕಳಿಗೆ ಹಿಂದಿನಿಂದ ಕಾರು ಬರುವ ಭಯವಿಲ್ಲ.

ಬಡವರ ಪಾಲೂ ಇದರಲ್ಲಿದೆ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ 1933ರಲ್ಲಿ ಆರಂಭಿಸಿದ ಯೋಜನೆಯಲ್ಲಿ ನಿರುದ್ಯೋಗಿ ಹುಡುಗರಿಗೆ ತಿಂಗಳಿಗೆ 30 ಡಾಲರ್ ಸಂಬಳ, ಅದರಲ್ಲಿ 25 ಡಾಲರ್ ನೇರವಾಗಿ ಮನೆಗೆ. ಅಂಥ ಹುಡುಗರು ಇಲ್ಲಿ ಬಿಡಾರ ಹೂಡಿ ಕಾಲುಹಾದಿಗಳನ್ನು ಕಡಿದರು, ಮೆಟ್ಟಿಲು ಕೂರಿಸಿದರು, ನಾವಿದ್ದ ಬ್ಲ್ಯಾಕ್‌ವುಡ್ಸ್ ಮತ್ತು ದ್ವೀಪದ ಇನ್ನೊಂದು ಕಡೆಯ ಸೀವಾಲ್ ಬಿಡಾರಗಳನ್ನು ಕಟ್ಟಿದರು. ದಾನಿಗಳ ಹೆಸರು ಬೆಟ್ಟಗಳಿಗೂ ಹಾದಿಗಳಿಗೂ ಇದೆ. ಈ ಹುಡುಗರ ಹೆಸರು ಯಾವ ಮೆಟ್ಟಿಲ ಮೇಲೂ ಕಾಣಲಿಲ್ಲ.

1947ರ ಬೇಸಿಗೆಯಲ್ಲಿ ಮಳೆ ವಾಡಿಕೆಯ ಅರ್ಧದಷ್ಟು ಮಾತ್ರ ಬಿದ್ದಿತ್ತು. ಅಕ್ಟೋಬರ್ 17ರಂದು ಒಂದು ಜೌಗಿನ ಬಳಿ ಹೊಗೆ ಕಾಣಿಸಿತು. 23ರಂದು ಗಾಳಿ ಬಿರುಸಾಗಿ ದಿಕ್ಕು ಬದಲಿಸಿತು. ಮೂರು ಗಂಟೆಯೊಳಗೆ ಬೆಂಕಿ ಆರು ಮೈಲಿ ಓಡಿತು. ಬಾರ್ ಹಾರ್ಬರಿನ ಜನರಲ್ಲಿ ಕೆಲವರು ಕಾರುಗಳ ಸಾಲಿನಲ್ಲಿ, ಕೆಲವರು ಪಕ್ಕದ ಊರುಗಳಿಂದ ಬಂದ ಬೆಸ್ತರ ದೋಣಿಗಳಲ್ಲಿ ಪಾರಾದರು. 17,000ಕ್ಕೂ ಹೆಚ್ಚು ಎಕರೆ ಸುಟ್ಟಿತು, ಅದರಲ್ಲಿ 10,000ಕ್ಕೂ ಹೆಚ್ಚು ಉದ್ಯಾನದ್ದು. ಕೋಟ್ಯಧೀಶರ 67 ಬಂಗಲೆಗಳು ಹೋದವು, ಊರಿನವರ 170 ಮನೆಗಳೂ ಹೋದವು. 1929ರಲ್ಲಿ ಸ್ಥಾಪನೆಯಾಗಿದ್ದ ಜಾಕ್ಸನ್ ಪ್ರಯೋಗಾಲಯ ಹೆಚ್ಚುಕಡಿಮೆ ಪೂರ್ತಿ ಸುಟ್ಟು, ಸಂಶೋಧನೆಗೆಂದು ತಲೆಮಾರುಗಳಿಂದ ಬೆಳೆಸಿದ್ದ ಹತ್ತಾರು ಸಾವಿರ ಇಲಿಗಳು ಸತ್ತವು. ಆದರೆ ಈ ಪ್ರಯೋಗಾಲಯ ಹಿಂದಿನ ವರ್ಷಗಳಲ್ಲಿ ತನ್ನ ಇಲಿಗಳನ್ನು ಬೇರೆ ಬೇರೆ ಊರುಗಳ ವಿಜ್ಞಾನಿಗಳಿಗೆ ಕಳುಹಿಸಿಕೊಟ್ಟಿತ್ತು. ಸುದ್ದಿ ತಿಳಿದ ಅವರು ಅದೇ ತಳಿಗಳ ಇಲಿಗಳನ್ನು ಮರಳಿ ಕಳುಹಿಸಿದರು. ಪ್ರಯೋಗಾಲಯ ಮತ್ತೆ ಎದ್ದು ನಿಂತಿತು. ಹಂಚಿಕೊಂಡದ್ದು ಮಾತ್ರ ಉಳಿಯಿತು ಎಂಬುದಕ್ಕೆ ಪ್ರಯೋಗಶಾಲೆಯ ಕೆಲಸ ಮಾಡುವ ನಮಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಗೊತ್ತಿಲ್ಲ.

ಸುಟ್ಟ ಕಡೆ ಕತ್ತಲೆಯ ಸ್ಪ್ರೂಸ್ ಕಾಡಿನ ಬದಲು ಬಿಸಿಲು ಬೇಡುವ ಬರ್ಚ್ ಮತ್ತು ಆಸ್ಪೆನ್ ಮರಗಳು ಎದ್ದವು. ಅಕ್ಟೋಬರಿನಲ್ಲಿ ಬಣ್ಣದ ಎಲೆ ನೋಡಲು ಹೋಗುವವರು ದ್ವೀಪದ ಪೂರ್ವ ಭಾಗದಲ್ಲಿ ಕಾಣುವ ಹಳದಿಯಲ್ಲಿ ಬಹುಪಾಲು ಆ ಬೆಂಕಿಯ ಬಿತ್ತನೆ.

ದತ್ತಿಯ ಈ ಕಥೆಯಲ್ಲಿ ಒಂದು ಎಲೆ ಮಾತ್ರ ಖಾಲಿಯಿದೆ. ಕೊಟ್ಟವರಿಗೆ ಮೊದಲು ಯಾರು ಕೊಟ್ಟರು? ವಬನಾಕಿಗಳಿಂದ ದಾನಪತ್ರ ಬರೆಸಿಕೊಂಡವರಿಲ್ಲ. ಫ್ರೆಂಚ್ ದೊರೆ ಕಾಣದ ನೆಲವನ್ನು ಕಾಗದದ ಮೇಲೆ ಕೊಟ್ಟ, ಇಂಗ್ಲಿಷರು ಅದನ್ನು ಗೆದ್ದು ಹಂಚಿದರು. ಶ್ರೀಮಂತರ ಕಾಲದಲ್ಲಿ ವಬನಾಕಿಗಳು ಬೇಸಿಗೆಗೆ ಇದೇ ಬಾರ್ ಹಾರ್ಬರಿಗೆ ಬಂದು, ಆಶ್ ಮರದ ಸೀಳು ಮತ್ತು ಸುವಾಸನೆಯ ಹುಲ್ಲಿನಿಂದ ಹೆಣೆದ ಬುಟ್ಟಿಗಳನ್ನು ಪ್ರವಾಸಿಗರಿಗೆ ಮಾರಿ ಹೋಗುತ್ತಿದ್ದರು. ಉದ್ಯಾನವಾದ ಮೇಲೆ ಒಂದು ಗಿಡವನ್ನೂ ಕೀಳಬಾರದೆಂಬ ನಿಯಮ ಬಂತು. ನಮ್ಮ ಹುಡುಗನ ಡಬ್ಬಿಗೆ ಅಡ್ಡ ಬಂದ ಆ ನಿಯಮವೇ ಅವರ ಹುಲ್ಲಿಗೂ ಅಡ್ಡ ಬಂತು. 2016ರಲ್ಲಿ ಉದ್ಯಾನ ಇಲಾಖೆ, ಮೂಲನಿವಾಸಿ ಬುಡಕಟ್ಟುಗಳು ಒಪ್ಪಂದ ಮಾಡಿಕೊಂಡು ಸಾಂಪ್ರದಾಯಿಕ ಬಳಕೆಗೆ ಗಿಡಗಳನ್ನು ಕೊಯ್ಯಬಹುದೆಂದು ನಿಯಮ ತಿದ್ದಿತು. ಬಾರ್ ಹಾರ್ಬರಿಗೆ ಹೋದವರು ಅಬ್ಬೆ ವಸ್ತುಸಂಗ್ರಹಾಲಯಕ್ಕೆ ಒಂದು ಗಂಟೆ ಕೊಡಬೇಕು. ಆ ಬುಟ್ಟಿಗಳು ಅಲ್ಲಿವೆ, ಹೆಣೆಯುವವರ ವಂಶದವರು ಇಂದಿಗೂ ಮೇನ್ ರಾಜ್ಯದಲ್ಲಿದ್ದಾರೆ.

ಹೋಗಬಯಸುವ ಕುಟುಂಬಗಳಿಗೆ ನಾಲ್ಕು ಮಾತು. ಬಿಡಾರದ ಜಾಗವನ್ನು ತಿಂಗಳುಗಳ ಮೊದಲೇ ಕಾದಿರಿಸಬೇಕು. 2021ರಿಂದ ಬೇಸಿಗೆಯಲ್ಲಿ ಕ್ಯಾಡಿಲಾಕ್ ನೆತ್ತಿಗೆ ಕಾರಿನಲ್ಲಿ ಹೋಗಲೂ ಮುಂಗಡ ಚೀಟಿ ಬೇಕು. ಸೌದೆಯನ್ನು ಮನೆಯಿಂದ ಒಯ್ಯಬಾರದು, ಅದರ ಜೊತೆ ಮರ ಕೊಲ್ಲುವ ಹುಳು ಬರುತ್ತದೆ. ಬಾರ್ ದ್ವೀಪಕ್ಕೆ ನಡೆದು ಹೋಗುವವರು ಇಳಿತದ ವೇಳೆ ನೋಡಿಕೊಂಡು ಹೋಗಿ, ಹೊತ್ತಿಗೆ ಮೊದಲೇ ಮರಳಬೇಕು.

ಕೊನೆಯದಾಗಿ ಕಾರ್ಯಕಾರಿ ಸಮಿತಿಗೆ ಒಂದು ವಿನಂತಿ. ವರ್ಷಕ್ಕೆ ಸುಮಾರು 40 ಲಕ್ಷ ಭೇಟಿಗಳ ಭಾರವನ್ನು ಈ 49,000 ಎಕರೆ ಹೊರುತ್ತಿದೆ. 2024ರ ಜನವರಿಯ ಎರಡು ಬಿರುಗಾಳಿಗಳಲ್ಲಿ ಕಡಲಂಚಿನ ಹಾದಿಗಳಿಗೆ ಬಹಳ ಹಾನಿಯಾಯಿತು. ಬೇಸಿಗೆಯಲ್ಲಿ ಸ್ವಯಂಸೇವಕರು ಅರ್ಧ ದಿನ ಕಾಲುಹಾದಿಗಳ ದುರಸ್ತಿಗೆ ಕೈಹಾಕುವ ವ್ಯವಸ್ಥೆ ಅಲ್ಲಿದೆ, ಯಾರು ಬೇಕಾದರೂ ಸೇರಬಹುದು. ನಮ್ಮಲ್ಲಿ ಬೆಟ್ಟ ಕೊಡುವಷ್ಟು ಶಕ್ತಿ ಯಾರಿಗೂ ಇಲ್ಲ. ಮುಂದಿನ ಬೇಸಿಗೆಯಲ್ಲಿ ಆರೇಳು ಸಂಸಾರಗಳು ಕೂಡಿ ಹೋಗಿ, ಒಂದು ಬೆಳಿಗ್ಗೆ ಗುದ್ದಲಿ ಹಿಡಿದು, ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಹೇಗೆ? ಒಪ್ಪುವವರು ಯುಗಾದಿಯ ಸಭೆಗೆ ಮೊದಲು ಕಾರ್ಯದರ್ಶಿಗಳ ಬಳಿ ಹೆಸರು ಕೊಡಿ. ಮಕ್ಕಳ ಹೆಸರನ್ನೂ ಸೇರಿಸಿ.